ಕಾರ್ಬೆಂಡಜಿಮ್ ಜೊತೆ ಟ್ರೈಕೋಡರ್ಮಾ ಬೇಡ

ಗೋಧಿ ಬೀಜಕ್ಕೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ, ಟ್ರೈಕೋಡರ್ಮಾ ಎಂಬ ರೋಗ ತಡೆಯುವ ಜೈವಿಕ ಪುಡಿ ಎರಡನ್ನೂ ಒಟ್ಟಿಗೆ ಲೇಪಿಸಿದರೂ ಬೇರು ಕೊಳೆತದ್ದೇಕೆ ಎಂದು ಕೇಳಿದ್ದೀರಿ. ಒಟ್ಟಿಗೆ ಲೇಪಿಸಿದ್ದೇ ಮುಖ್ಯ ಕಾರಣವಿರಬೇಕು. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ. ಕಾರ್ಬೆಂಡಜಿಮ್ ಅದನ್ನೂ ಬಿಡುವುದಿಲ್ಲ. ದಯವಿಟ್ಟು ಇವೆರಡನ್ನೂ ಬೆರೆಸಬೇಡಿ.

ಟ್ರೈಕೋಡರ್ಮಾ ಜೀವಂತವಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಅದರ ಎಳೆಗಳು ರೋಗಕಾರಕ ಶಿಲೀಂಧ್ರದ ಎಳೆಗಳನ್ನು ಸುತ್ತಿಕೊಂಡು, ಕೈಟಿನೇಸ್‌ನಂತಹ ಕಿಣ್ವಗಳನ್ನು ಸ್ರವಿಸಿ ಅವುಗಳ ಕೋಶಭಿತ್ತಿಯನ್ನೇ ಕರಗಿಸುತ್ತವೆ. ಬೇರಿನ ಸುತ್ತ ಮೊದಲೇ ನೆಲೆಯೂರಿ ಜಾಗವನ್ನೂ ಆಹಾರವನ್ನೂ ಹಿಡಿದುಕೊಳ್ಳುತ್ತವೆ. ಹಾಗಾಗಿ ಇದು ರೋಗ ಬಾರದಂತೆ ತಡೆಯುವ ಉಪಾಯ. ಬೇರು ಕಪ್ಪಾಗಿ ತೆನೆ ಬಿಳಿಚಿಕೊಂಡ ಮೇಲೆ ಸುರಿದರೆ ಪ್ರಯೋಜನವಿಲ್ಲ.

ಟ್ರೈಕೋಡರ್ಮಾವನ್ನು ಬೀಜಕ್ಕೆ ಲೇಪಿಸುವುದರ ಜೊತೆಗೆ ಗೊಬ್ಬರದ ಮೂಲಕವೂ ಕೊಡಿ, ನನಗೆ ಅದರ ಮೇಲೆಯೇ ಹೆಚ್ಚು ಭರವಸೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಪುಡಿ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಮುಚ್ಚಿ ಒಂದೆರಡು ವಾರ ಇಡಿ. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಬಿಳಿ ಎಳೆಗಳ ಮೇಲೆ ಹಸಿರು ಬಣ್ಣ ಮೂಡಿದರೆ ಚೆನ್ನಾಗಿ ಬೆಳೆಯುತ್ತಿರುವ ಲಕ್ಷಣ. ಬಿತ್ತನೆಗೆ ಮುನ್ನ ತೇವವಿರುವ ಮಣ್ಣಿಗೆ ಸೇರಿಸಿ. ಕೊಳ್ಳುವಾಗ ಪೊಟ್ಟಣದ ಮೇಲಿನ ಅವಧಿ ಮುಗಿಯುವ ದಿನಾಂಕವನ್ನು ತಪ್ಪದೆ ನೋಡಿ. ಗೋಧಿಯ ಮೇಲೆ ಗೋಧಿಯನ್ನೇ ಬಿತ್ತುತ್ತಿದ್ದರೆ ಮುಂದಿನ ಬಾರಿ ದ್ವಿದಳ ಬೆಳೆ ಹಾಕಿ.