ಬಿ.ಕಾಂ. ಓದಲು ಸಾಲ ಮಾಡಬೇಕೇ?

ಪ್ರಶ್ನೆ: ನಾನು ಹಾವೇರಿ ತಾಲ್ಲೂಕಿನ ಹಳ್ಳಿಯವಳು. ಸರ್ಕಾರಿ ಪ್ರೌಢಶಾಲೆಯಲ್ಲಿ, ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಓದಿ ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದೇನೆ. ತಂದೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಾರೆ. ಹುಬ್ಬಳ್ಳಿಯ ಖಾಸಗಿ ಕಾಲೇಜೊಂದರಲ್ಲಿ ಬಿ.ಕಾಂ. ಜೊತೆಗೆ ಸಿ.ಎ. ತರಬೇತಿಯೂ ಸಿಗುತ್ತದೆಂದು ಸಾಲ ತೆಗೆಯಲು ಹೊರಟಿದ್ದಾರೆ. ಸೇರಿಕೊಳ್ಳಲೇ?

ಉತ್ತರ: ಈ ಕಾರಣಕ್ಕಾಗಿ ಸಾಲ ಮಾಡುವುದು ಬೇಡ. ಸಿ.ಎ. ಪರೀಕ್ಷೆ ನಡೆಸುವುದು ಭಾರತೀಯ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯೇ ಹೊರತು ಯಾವ ಕಾಲೇಜೂ ಅಲ್ಲ. ನೀವು ಎಲ್ಲಿ ಬಿ.ಕಾಂ. ಮಾಡಿದ್ದೀರಿ ಎಂಬುದನ್ನು ಅಲ್ಲಿ ಯಾರೂ ಕೇಳುವುದಿಲ್ಲ. ವಾಣಿಜ್ಯ ಪದವಿಯಲ್ಲಿ ಶೇ. 55 ಅಂಕ ಪಡೆದವರು ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಎರಡನೆಯದಾದ ಇಂಟರ್‌ಮೀಡಿಯೆಟ್ ಹಂತಕ್ಕೆ ನೋಂದಾಯಿಸಿಕೊಳ್ಳಬಹುದು. ಅದು ಮುಗಿದ ಮೇಲಿನ ಎರಡು ವರ್ಷಗಳ ಆರ್ಟಿಕಲ್‌ಶಿಪ್‌ನಲ್ಲಿ (ಸಿ.ಎ. ಒಬ್ಬರ ಕೈಕೆಳಗಿನ ಕೆಲಸದ ತರಬೇತಿ), ಸಣ್ಣದಾದರೂ, ಸ್ಟೈಪೆಂಡ್ ಬರುತ್ತದೆ. ಪಿಯುಸಿ ಮುಗಿದವರು ಫೌಂಡೇಶನ್ ಬರೆದು ಬೇಗ ಮುಗಿಸುವ ದಾರಿಯೂ ಇದೆ ನಿಜ, ಆದರೆ ಅದರ ಫಲಿತಾಂಶವನ್ನು ನಂಬಿ ಮನೆಯವರು ಬಡ್ಡಿ ಕಟ್ಟುವ ಸ್ಥಿತಿ ಬರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾವೇರಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರಿ. ಸರ್ಕಾರಿ ಕಾಲೇಜುಗಳಲ್ಲಿ ವಿದ್ಯಾರ್ಥಿನಿಯರಿಗೆ ಬೋಧನಾ ಶುಲ್ಕದ ವಿನಾಯಿತಿಯಿದೆ, 2023ರ ಜೂನ್‌ನಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವೂ ಉಚಿತವಾಗಿದೆ. ಹುಬ್ಬಳ್ಳಿಯಲ್ಲಾದರೆ ಶುಲ್ಕದ ಮೇಲೆ ಕೋಣೆ ಬಾಡಿಗೆ, ಮೆಸ್ಸಿನ ಖರ್ಚು ಮೂರು ವರ್ಷವೂ ಬೀಳುತ್ತದೆ. ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳನ್ನು ಸರ್ಕಾರಿ ಶಾಲೆ-ಕಾಲೇಜುಗಳಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಪದವಿ ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ನೀಡುತ್ತದೆ. ಮೊದಲ ವರ್ಷದಲ್ಲಿಯೇ ಅರ್ಜಿ ಹಾಕಬೇಕು. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿಯೂ ಅರ್ಜಿ ಸಲ್ಲಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಇವುಗಳಲ್ಲಿ ನಿಮ್ಮ ಹೆಸರು, ಇನಿಷಿಯಲ್ ಒಂದೇ ರೀತಿ ಇವೆಯೇ ಎಂದು ಈಗಲೇ ನೋಡಿಕೊಳ್ಳಿ. ಎಷ್ಟೋ ಅರ್ಹ ಮಕ್ಕಳ ಹಣ ತಡೆಯುವುದು ಇಷ್ಟು ಸಣ್ಣ ವ್ಯತ್ಯಾಸದಿಂದ.

ಎರಡನೆಯ ವರ್ಷದಿಂದ ಊರಿನ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಮಧ್ಯಾಹ್ನದ ನಂತರ ಕೆಲಸ ಕಲಿಯಿರಿ. ವ್ಯಾಪಾರಿಗಳು ತಿಂಗಳ 11ಕ್ಕೆ ಜಿ.ಎಸ್.ಟಿ.ಯ (ಸರಕು ಮತ್ತು ಸೇವಾ ತೆರಿಗೆ) ಮಾರಾಟದ ವಿವರ, 20ಕ್ಕೆ ಆ ತೆರಿಗೆಯ ರಿಟರ್ನ್ ಸಲ್ಲಿಸಬೇಕಾಗಿರುವುದರಿಂದ, ಆ ದಿನಗಳಲ್ಲಿ ಖರೀದಿ ಬಿಲ್ಲುಗಳನ್ನು ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶಕ್ಕೆ ಹಾಕಿ ಜಿ.ಎಸ್.ಟಿ. ಪೋರ್ಟಲ್‌ನ ಲೆಕ್ಕದೊಂದಿಗೆ ತಾಳೆ ನೋಡುವವರು ಎಲ್ಲ ಕಚೇರಿಗಳಿಗೂ ಬೇಕು. ದಲಾಲರು ರೈತರಿಗೆ ಕೊಡುವ ಪಟ್ಟಿಯಲ್ಲಿ ತೂಕ, ದರ, ಹಮಾಲಿ ಹೇಗೆ ಬರುತ್ತವೆಂದು ತಂದೆಯವರ ಕೆಲಸದಿಂದಾಗಿ ನಿಮಗೆ ಆಗಲೇ ಪರಿಚಯವಿರಬಹುದು, ಅದನ್ನು ಕಡೆಗಣಿಸಬೇಡಿ. ಸಿ.ಎ. ಕೈಗೂಡದಿದ್ದರೂ ಬಿ.ಕಾಂ. ಪದವೀಧರರು ನಿಗದಿತ ಪರೀಕ್ಷೆ ಬರೆದು ಜಿ.ಎಸ್.ಟಿ. ಪ್ರಾಕ್ಟೀಷನರ್ (ವ್ಯಾಪಾರಿಗಳ ಪರವಾಗಿ ರಿಟರ್ನ್ ಸಲ್ಲಿಸುವವರು) ಆಗಿ ಸ್ವಂತ ಕಚೇರಿ ತೆರೆಯಬಹುದು.

ಮನೆಗಾಗಿ ಪೂರ್ಣ ದಿನ ದುಡಿಯಬೇಕಾಗಿ ಬಂದರೆ ಮಾತ್ರ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಬಿ.ಕಾಂ. ಆರಿಸಿಕೊಳ್ಳಿ, ಧಾರವಾಡದಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ತಂದೆಯವರು ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಎರಡೂ ಕಾಲೇಜುಗಳ ಮೂರು ವರ್ಷದ ಪೂರ್ತಿ ಖರ್ಚನ್ನು, ಬಡ್ಡಿಯನ್ನೂ ಸೇರಿಸಿ, ಒಂದೇ ಹಾಳೆಯಲ್ಲಿ ಬರೆದು ಅವರ ಮುಂದಿಡಿ.