ಟ್ಯಾಂಕಿನೊಳಗಿನ ಲೇಪ ಎದ್ದು ಬಂದಾಗ

ಪ್ರಶ್ನೆ: ನಮ್ಮ ತಂದೆಯವರು ಓಡಿಸುತ್ತಿದ್ದ ಯೆಜ್ಡಿ ರೋಡ್‌ಕಿಂಗ್ ಈಗ ನನ್ನ ಬಳಿ ಇದೆ. ಟ್ಯಾಂಕಿಗೆ ತುಕ್ಕು ಹಿಡಿದಿದ್ದರಿಂದ ಕೆಲವು ವರ್ಷಗಳ ಹಿಂದೆ ಒಳಗೆ ಲೇಪ ಹಾಕಿಸಿದ್ದೆವು. ಅದೀಗ ಹಪ್ಪಳದ ಚೂರಿನಂತೆ ಎದ್ದು ತಳದಲ್ಲಿ ಸೇರುತ್ತಿದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ನಿಂತುಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಹಳೆಯದರ ಮೇಲೆಯೇ ಇನ್ನೊಂದು ಲೇಪ ಹಾಕಿದರೆ ಸಾಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಹಾಕಿಸಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಹಾಕಿಸಬೇಡಿ. ಕೆಳಗಿನ ಪದರವೇ ಕಬ್ಬಿಣವನ್ನು ಬಿಟ್ಟು ಏಳುತ್ತಿರುವಾಗ ಅದರ ಮೇಲೆ ಎಷ್ಟು ಒಳ್ಳೆಯ ಎಪಾಕ್ಸಿ (ಗಟ್ಟಿಯಾಗುವ ರಾಳದ ಲೇಪ) ಹಾಕಿದರೂ ಎರಡೂ ಒಟ್ಟಿಗೆ ಕಿತ್ತು ಬರುತ್ತವೆ. ತುಕ್ಕನ್ನು ಪೂರ್ತಿ ತೆಗೆಯದೆ, ಎಣ್ಣೆಯ ಪಸೆಯನ್ನು ತೊಳೆಯದೆ ಹಾಕಿದ ಲೇಪ ಹೀಗೆ ಏಳುವುದು ಸಾಮಾನ್ಯ. ಇದರ ಜೊತೆಗೆ, ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಿಂದ ಬಂಕುಗಳಿಗೆ ಬರತೊಡಗಿದೆ. ಅಂಥ ಪೆಟ್ರೋಲನ್ನು ಗಮನದಲ್ಲಿಟ್ಟುಕೊಳ್ಳದೆ ತಯಾರಿಸಿದ ಕೆಲವು ಹಳೆಯ ಲೇಪಗಳನ್ನು ಎಥನಾಲ್ ಮೆತ್ತಗಾಗಿಸುತ್ತದೆ.

ಘಾಟಿಯಲ್ಲಿ ಗಾಡಿ ನಿಲ್ಲುವುದನ್ನು ಮಾತ್ರ ಸಣ್ಣ ತೊಂದರೆಯೆಂದು ತಳ್ಳಿಹಾಕಬೇಡಿ. ಚೂರುಗಳು ಪೆಟ್ರೋಲ್ ಕಾಕ್‌ನ (ಟ್ಯಾಂಕಿನ ತಳದ ನಲ್ಲಿಯ) ಜಾಲರಿಗೆ ಅಂಟಿಕೊಂಡಾಗ, ಎಂಜಿನ್ನಿಗೆ ಪೆಟ್ರೋಲ್ ಒದಗಿಸುವ ಕಾರ್ಬುರೇಟರಿನ ಪುಟ್ಟ ಬಟ್ಟಲು, ಅಂದರೆ ಬೌಲ್, ನಿಧಾನವಾಗಿ ತುಂಬುತ್ತದೆ; ಏರಿನಲ್ಲಿ ಎಂಜಿನ್ ಕೇಳುವಷ್ಟು ಪೆಟ್ರೋಲ್ ಸಿಗದೆ ಅದು ನಿಲ್ಲುತ್ತದೆ, ಬೌಲ್ ತುಂಬಿದ ಮೇಲೆ ಮತ್ತೆ ಹೊರಡುತ್ತದೆ. ನಿಮ್ಮದು ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಎಂಜಿನ್ ಆದ್ದರಿಂದ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ನಿಗೆ ಸಿಗುವ ಆಯಿಲ್ ಕೂಡ ಕಡಿಮೆಯಾಗುತ್ತದೆ, ಅದೂ ಎಂಜಿನ್ ಅತಿ ಹೆಚ್ಚು ಕಾದಿರುವ ಹೊತ್ತಿನಲ್ಲಿ. ಪಿಸ್ಟನ್ ಸೀಜ್ ಆಗಲು, ಅಂದರೆ ಸಿಲಿಂಡರಿನೊಳಗೆ ಸಿಕ್ಕಿಬೀಳಲು, ಇಷ್ಟೇ ಸಾಕು. ಟ್ಯಾಂಕ್ ಸರಿಯಾಗುವವರೆಗೆ ಈ ಬೈಕನ್ನು ಘಾಟಿಗೆ ಒಯ್ಯದಿರುವುದೇ ಕ್ಷೇಮ. ಪೆಟ್ರೋಲ್ ಪೈಪಿಗೆ ಒಂದು ಫಿಲ್ಟರ್ ಹಾಕಿಸಿಕೊಂಡು ಓಡಿಸುವುದೂ ಪರಿಹಾರವಲ್ಲ, ಆಗ ಚೂರುಗಳು ಅಲ್ಲಿ ಕಟ್ಟಿಕೊಳ್ಳುತ್ತವೆ, ಅಷ್ಟೇ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ರಂಧ್ರ ಕಟ್ಟಿದ್ದರೂ ಇದೇ ಲಕ್ಷಣ ಕಾಣುವುದರಿಂದ, ಗಾಡಿ ನಿಂತೊಡನೆ ಮುಚ್ಚಳ ತೆರೆದಾಗ ಗಾಳಿ ಒಳಗೆಳೆದ ಸದ್ದು ಬರುತ್ತದೆಯೇ ಎಂದು ಒಮ್ಮೆ ಗಮನಿಸಿರಿ.

ಲೇಪ ತೆಗೆಯಲು ಟ್ಯಾಂಕನ್ನು ಬಿಚ್ಚಿ, ಪೆಟ್ರೋಲನ್ನು ಪೂರ್ತಿ ಬಸಿದು, ಕಾಕ್ ಮತ್ತು ರಬ್ಬರ್ ವಾಷರುಗಳನ್ನು ತೆಗೆದಿಡಬೇಕು. ಕಾಕ್‌ನ ಜಾಗಕ್ಕೆ ಲೋಹದ ತಟ್ಟೆಯನ್ನು ಬಿಗಿದು ಒಂದೆರಡು ಲೀಟರ್ ಅಸಿಟೋನ್ ಹಾಕಿ, ಬಾಯಿ ಮುಚ್ಚಿ, ಟ್ಯಾಂಕನ್ನು ಆಗಾಗ ಮಗ್ಗುಲು ಬದಲಿಸುತ್ತ ಒಂದು ರಾತ್ರಿ ಬಿಡಿ. ಒಳಗೆ ಆವಿಯ ಒತ್ತಡ ಏರುವುದರಿಂದ ನಡುನಡುವೆ ಮುಚ್ಚಳ ಸಡಿಲಿಸಲೇಬೇಕು. ಗಟ್ಟಿ ಎಪಾಕ್ಸಿ ಕರಗುವುದಿಲ್ಲ, ಉಬ್ಬಿ ಹಾಳೆಯಾಗಿ ಏಳುತ್ತದೆ. ಆಗ ಒಳಗೆ ಒಂದು ತುಂಡು ಕಬ್ಬಿಣದ ಸರಪಳಿ ಹಾಕಿ ಕುಲುಕಿಸಿದರೆ ಪದರ ಕಿತ್ತು ಬರುತ್ತದೆ. ಹಲವರು ಜಲ್ಲಿ ಅಥವಾ ನಟ್ಟುಗಳನ್ನು ಹಾಕುತ್ತಾರೆ, ಆದರೆ ಮೂಲೆಗಳಲ್ಲಿ ಸಿಕ್ಕಿಕೊಂಡ ಒಂದೆರಡನ್ನು ಹೊರತೆಗೆಯುವುದು ಬಹಳ ಕಷ್ಟ; ಸರಪಳಿಯಾದರೆ ತುದಿ ಹಿಡಿದು ಎಳೆದರಾಯಿತು. ಒಂದೇ ಸಲಕ್ಕೆ ಎಲ್ಲವೂ ಬರಲಿಕ್ಕಿಲ್ಲ, ತಾಳ್ಮೆಯಿಂದ ಮತ್ತೆ ಮಾಡಿ. ಅಸಿಟೋನ್ ಹೊರಗಿನ ಬಣ್ಣವನ್ನೂ ತಿನ್ನುತ್ತದೆ, ಒಂದು ಹನಿಯೂ ಸೋರದಂತೆ ನೋಡಿಕೊಳ್ಳಿ.

ಪೆಟ್ರೋಲ್ ಮತ್ತು ಅಸಿಟೋನ್ ಆವಿಗೆ ಒಂದು ಕಿಡಿ ತಗುಲಿದರೂ ಅನಾಹುತವಾಗುತ್ತದೆ. ಬಚ್ಚಲೊಲೆ ಉರಿಯುತ್ತಿರುವ ಹಿತ್ತಿಲಿನಲ್ಲಿ ಈ ಕೆಲಸ ಖಂಡಿತ ಬೇಡ; ಬಯಲಿನಲ್ಲಿ, ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡೇ ಮಾಡಿ. ತೆಗೆದ ದ್ರಾವಣವನ್ನು ತೋಟದ ಬಸಿಗಾಲುವೆಗಾಗಲಿ ಹಳ್ಳಕ್ಕಾಗಲಿ ಚೆಲ್ಲಬೇಡಿ, ಅದು ಯಾರದೋ ಬಾವಿಯ ನೀರಿಗೆ ಸೇರುತ್ತದೆ.

ಲೇಪ ಹೋದ ಮೇಲೆ ಉಳಿದ ತುಕ್ಕಿಗೆ ಸಿಟ್ರಿಕ್ ಆಮ್ಲ ಸಾಕು. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಬೆರೆಸಿ ಟ್ಯಾಂಕಿನ ತುಂಬ ಹಾಕಿ ಒಂದು ದಿನ ಬಿಡಿ, ಬಳಿಕ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆಯಿರಿ. ತೊಳೆದ ಕಬ್ಬಿಣ ನೋಡನೋಡುತ್ತಿದ್ದಂತೆ ಮತ್ತೆ ಕೆಂಪಾಗುತ್ತದೆ. ಬಿಸಿಗಾಳಿ ಹಾಯಿಸಿ ತಕ್ಷಣ ಒಣಗಿಸಿ, ಟೂ-ಸ್ಟ್ರೋಕ್ ಆಯಿಲ್ ಬೆರೆಸಿದ ಪೆಟ್ರೋಲನ್ನು ಒಳಗೆಲ್ಲ ಆಡಿಸಿರಿ. ಈ ಕಾರಣಕ್ಕೇ ಮಳೆ ಹಿಡಿಯುವ ಮುನ್ನ, ಮಾರ್ಚ್ ಅಥವಾ ಏಪ್ರಿಲ್ ಬಿಸಿಲಿನಲ್ಲಿ ಇದನ್ನು ಮಾಡುವುದು ಒಳ್ಳೆಯದು.

ತೂತುಗಳಿಲ್ಲದಿದ್ದರೆ ಹೊಸ ಲೇಪದ ಅಗತ್ಯವೇ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಆಗಾಗ ಓಡುವ, ಶುದ್ಧ ಪೆಟ್ರೋಲ್ ತುಂಬಿದ ಬರಿಯ ಕಬ್ಬಿಣದ ಟ್ಯಾಂಕ್ ಬಹುಕಾಲ ಬಾಳುತ್ತದೆ. ಸಣ್ಣ ತೂತಿದ್ದರೆ, ಆವಿ ಪೂರ್ತಿ ಹೋಗುವಂತೆ ತೊಳೆಸಿದ ಬಳಿಕ, ಟ್ಯಾಂಕ್ ಕೆಲಸ ಬಲ್ಲವರಿಂದ ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಬೆಸೆಯುವುದು) ಮಾಡಿಸಿರಿ. ಈ ಬೈಕನ್ನು ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲಿ ಉತ್ಪಾದನೆ ನಿಲ್ಲಿಸಿದ್ದರಿಂದ ಮೂಲ ಟ್ಯಾಂಕನ್ನು ಉಳಿಸಿಕೊಳ್ಳುವ ಈ ಶ್ರಮ ಸಾರ್ಥಕವಾದದ್ದು.

ಪ್ರಶ್ನೆ: ಮಳೆಗಾಲದಲ್ಲಿ ಬೈಕು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲೇ ನಿಲ್ಲುತ್ತದೆ. ಟ್ಯಾಂಕ್ ತುಂಬಿಸಿಡಬೇಕೇ, ಖಾಲಿ ಮಾಡಬೇಕೇ?
– ಓದುಗರೊಬ್ಬರು, ಸಾಗರ

ಉತ್ತರ: ಅರ್ಧ ತುಂಬಿದ ಟ್ಯಾಂಕ್ ಎಲ್ಲಕ್ಕಿಂತ ಕೆಟ್ಟದ್ದು, ಖಾಲಿ ಭಾಗದ ತೇವದ ಗಾಳಿ ಹನಿಯಾಗಿ ಗೋಡೆಗೆ ಕೂರುತ್ತದೆ. ವಾರಕ್ಕೊಮ್ಮೆಯಾದರೂ ಓಡಿಸುವವರು ತುಂಬಿಸಿಡಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಖಾಲಿ ಮಾಡಿ. ಎಥನಾಲ್ ತೇವವನ್ನು ಹೀರಿಕೊಂಡು ನೀರಿನೊಡನೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ತುಕ್ಕು ಅಲ್ಲಿಂದಲೇ ಆರಂಭವಾಗುತ್ತದೆ. ಖಾಲಿ ಮಾಡಿದ ಟ್ಯಾಂಕಿನೊಳಗೆ ಸ್ವಲ್ಪ ಆಯಿಲ್ ಹಾಕಿ ಎಲ್ಲ ಕಡೆ ಹರಡುವಂತೆ ತಿರುಗಿಸಿ, ಕಾರ್ಬುರೇಟರಿನ ಬೌಲನ್ನೂ ಬಸಿದಿಡಿ.