ಕಂಬದ ಮೇಲೆ ಹೆದ್ದಾರಿ ಯಾಕೆ?

ಪ್ರಶ್ನೆ: ಸರ್, ಆಗುಂಬೆ ಘಾಟಿಯಲ್ಲಿ ಓಡಾಡುವಾಗೆಲ್ಲ ಒಂದು ಯೋಚನೆ ಬರುತ್ತದೆ. ಕಣಿವೆ ಬಂದ ಕಡೆ ಮಣ್ಣು ತುಂಬಿ ರಸ್ತೆ ಮಾಡಿದರೆ ಆಗಲ್ವಾ? ಎತ್ತರದ ಕಂಬ ಎಬ್ಬಿಸಿ ಅದರ ಮೇಲೆ ಹೆದ್ದಾರಿ ಒಯ್ಯುವುದು ಯಾಕೆ? ನನ್ನ ಮಗಳು ಸಿವಿಲ್ ಓದುತ್ತಿದ್ದಾಳೆ, ಇಂಥ ಕೆಲಸಕ್ಕೇ ಹೋಗುತ್ತೇನೆ ಅನ್ನುತ್ತಾಳೆ. ಅಲ್ಲಿ ಎಂಜಿನಿಯರ್ ಏನು ನೋಡಿಕೊಳ್ಳಬೇಕು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಪ್ರಶ್ನೆಗೆ ಮಳೆಗಾಲವೇ ಉತ್ತರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಅಷ್ಟೂ ನೀರು ಗುಡ್ಡದಿಂದ ಹಳ್ಳಕ್ಕೆ ಇಳಿಯಲೇಬೇಕು. ಅಡ್ಡಲಾಗಿ ಮಣ್ಣು ಪೇರಿಸಿ ಕೆಳಗೊಂದು ಮೋರಿ ಇಟ್ಟರೆ, ಒಂದು ಮರದ ದಿಮ್ಮಿ ಬಂದು ಸಿಕ್ಕಿಕೊಂಡರೂ ಸಾಕು, ನೀರು ಹಿಂದೆ ಕಟ್ಟಿಕೊಂಡು ರಸ್ತೆಯನ್ನೇ ಕೊಚ್ಚಿಕೊಂಡು ಹೋಗುತ್ತದೆ. ಗುಡ್ಡದ ಬುಡ ಕಡಿಯುವುದೂ ಅಪಾಯವೇ. ನಮ್ಮ ಕಡೆ ಎಷ್ಟೋ ಜಾಗದಲ್ಲಿ ಮೇಲೆ ಜಂಬಿಟ್ಟಿಗೆ, ಅದರಡಿ ಶೇಡಿ ಮಣ್ಣು. ಬೇಸಿಗೆಯಲ್ಲಿ ಗುದ್ದಲಿಗೂ ಜಗ್ಗದು, ನೀರು ಕುಡಿದರೆ ಬೆಣ್ಣೆ. ಕಂಬದ ಮೇಲೆ ಹೋದರೆ ಹಳ್ಳ, ಕಾಡು, ಪ್ರಾಣಿಗಳ ದಾರಿ ಹೆಚ್ಚುಕಡಿಮೆ ಇದ್ದ ಹಾಗೇ ಉಳಿಯುತ್ತವೆ. ಖರ್ಚು ಜಾಸ್ತಿ, ನಿಜ.

ಫ್ರಾನ್ಸಿನ ಮಿಯೋದಲ್ಲಿ 2004ರಲ್ಲಿ ತೆರೆದ ಹೆದ್ದಾರಿ ಸೇತುವೆ 2,460 ಮೀಟರ್ ಉದ್ದ, ಆದರೆ ಕಣಿವೆಗೆ ಊರಿದ್ದು ಬರೀ ಏಳು ಕಂಬ. ಮೇಲಿನ ಉಕ್ಕಿನ ಹಾಸನ್ನು ಎರಡೂ ದಡದಿಂದ ತಳ್ಳುತ್ತಾ ತಂದು ನಡುವೆ ಕೂಡಿಸಿದರು!

ಇನ್ನು ಮಗಳ ವಿಷಯ. ಕಾಂಕ್ರೀಟು ಬಿದ್ದ ಮೇಲೆ ಒಳಗಿರುವುದು ಕಾಣುವುದಿಲ್ಲ. ನೋಡುವುದೆಲ್ಲ ಅದಕ್ಕೂ ಮೊದಲೇ. ಪ್ರತಿ ಕಂಬದ ಜಾಗದಲ್ಲೂ ಬೋರ್ ಹೊಡೆದು ಬಂಡೆ ಎಷ್ಟು ಆಳದಲ್ಲಿದೆ ಅಂತ ನೋಡಬೇಕು. ಪಕ್ಕದ ಕಂಬದ ಲೆಕ್ಕ ಇಲ್ಲಿಗೆ ನಡೆಯುವುದಿಲ್ಲ. ಕಾಂಕ್ರೀಟಿನ ಒಳಗಿರುವ ಕಬ್ಬಿಣದ ಕಂಬಿಗೂ ಹೊರಮೈಗೂ ನಡುವೆ ಸುಮಾರು 4ರಿಂದ 5 ಸೆಂ.ಮೀ. ಕಾಂಕ್ರೀಟು ಇರಬೇಕು. ಆ ಅಂತರ ಉಳಿಯಲಿ ಅಂತ ಕಂಬಿಗೆ ಕವರ್ ಬ್ಲಾಕ್ ಅನ್ನುವ ಸಣ್ಣ ತುಂಡುಗಳನ್ನು ಕಟ್ಟುತ್ತಾರೆ. ಒಂದು ಜಾರಿ ಬಿದ್ದಿದ್ದರೂ ಅಲ್ಲೇ ಮುಂದೆ ತುಕ್ಕು ಶುರು.

ನಾನು ಕೆಲಸಕ್ಕೆ ಸೇರಿದ ಹೊಸದು. ಘಾಟಿಯ ಜಾಮಿನಲ್ಲಿ ಸಿಕ್ಕಿಕೊಂಡು ತಡವಾಗಿ ಬಂದ ಮಿಕ್ಸರ್ ಗಾಡಿಗೆ ಡ್ರೈವರ್ ಪೈಪ್ ಹಿಡಿದು ನೀರು ಬಿಡುತ್ತಿದ್ದ, ಮಾಲು ಬಿಗಿಯಾಗಿದೆ ಅಂತ. ಹಾಗೆ ಸೇರಿಸಿದ ನೀರು ಆಮೇಲೆ ಆರಿ ಸಣ್ಣ ಸಣ್ಣ ತೂತು ಉಳಿಸುತ್ತದೆ, ಮಳೆನೀರು ಅಲ್ಲಿಂದಲೇ ಕಂಬಿಗೆ ಇಳಿಯುತ್ತದೆ. ಗಾಡಿ ವಾಪಸ್ ಕಳಿಸಿದೆ. ಅವತ್ತು ಸೈಟಿನಲ್ಲಿ ಯಾರೂ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಇವತ್ತಾದರೂ ನಾನು ಅದನ್ನೇ ಮಾಡುತ್ತೇನೆ.

ರಜೆಯಲ್ಲಿ ಮಗಳನ್ನು ಕರೆದುಕೊಂಡು ಸಿಗಂದೂರಿಗೆ ಹೋಗಿ ಬನ್ನಿ. ಶರಾವತಿ ಹಿನ್ನೀರಿನ ಸೇತುವೆ 2025ರ ಜುಲೈಯಲ್ಲಿ ತೆರೆದಿದೆ. ರಸ್ತೆಗೆ ಅಡ್ಡಲಾಗಿ ಬರುವ ಸಂದುಗಳನ್ನು ಗಮನಿಸಲು ಹೇಳಿ. 100 ಮೀಟರ್ ಕಾಂಕ್ರೀಟು 30 ಡಿಗ್ರಿ ಬಿಸಿಯಾದರೆ ಸುಮಾರು 3 ಸೆಂ.ಮೀ. ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕಲ್ವಾ? ಆ ಸಂದಿಗೆ ಎಷ್ಟು ಅಗಲ ಬಿಡಬೇಕು ಅಂತ ಮನೆಗೆ ಬಂದು ಅವಳೇ ಲೆಕ್ಕ ಹಾಕಲಿ.